ಗರಿಯ ಬೀಸಣಿಗೆಯ ಮರೆಯಲ್ಲಿ

1933ರ ಮೇ ತಿಂಗಳಲ್ಲಿ ಶಿಕಾಗೊ ನಗರವು ತನ್ನ ನೂರು ವರ್ಷಗಳ ಬಾಳನ್ನು ಸಂಭ್ರಮಿಸಲು ವಿಶ್ವಮೇಳವೊಂದನ್ನು ತೆರೆಯಿತು. 'ಪ್ರಗತಿಯ ಒಂದು ಶತಮಾನ' ಎಂಬುದು ಅದರ ಹೆಸರು. ಹೊರಗೆ ಆರ್ಥಿಕ ಮಹಾಕುಸಿತದ ಬವಣೆ, ಒಳಗೆ ವಿಜ್ಞಾನ ಮತ್ತು ಉದ್ಯಮಗಳ ಭವ್ಯ ಮಂಟಪಗಳು. ಆದರೆ ಆ ಮೇಳವನ್ನು ನೆನೆದಾಗ ಇಂದಿಗೂ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಒಂದು 'ಸ್ಟ್ರೀಟ್ಸ್ ಆಫ್ ಪ್ಯಾರಿಸ್' ಎಂಬ ವಿನೋದದ ಓಣಿಯಲ್ಲಿ ಕುಣಿದ ಸ್ಯಾಲಿ ರ‍್ಯಾಂಡ್ ಎಂಬಾಕೆಯದು.

ಮಿಸೌರಿಯ ಹಳ್ಳಿಗಾಡಿನಲ್ಲಿ 1904ರಲ್ಲಿ ಹುಟ್ಟಿದ ಈಕೆ ಮೂಕಿಚಿತ್ರಗಳ ನಟಿಯಾಗಿದ್ದವಳು. ರ‍್ಯಾಂಡ್ ಎಂಬ ಹೆಸರನ್ನು ನಿರ್ದೇಶಕ ಸೆಸಿಲ್ ಡಿಮಿಲ್ ಭೂಪಟದ ಪುಸ್ತಕವೊಂದರ ಪ್ರಕಾಶಕರ ಹೆಸರನ್ನು ನೋಡಿ ಇಟ್ಟನೆಂಬ ಕಥೆಯಿದೆ. ಮಾತಿನ ಚಿತ್ರಗಳು ಬಂದ ಮೇಲೆ ಅವಕಾಶಗಳು ಬತ್ತಿದವು. ಮೇಳದ ಮುನ್ನಾರಾತ್ರಿ ಲೇಡಿ ಗಡೈವಳ ವೇಷದಲ್ಲಿ ಬಿಳಿಕುದುರೆಯೇರಿ ಒಳನುಗ್ಗಿದ ಮೇಲೆ ಕೆಲಸ ತಾನಾಗಿ ಒಲಿದುಬಂತು.

ನೃತ್ಯವೆಂದರೆ ಇಷ್ಟೆ: ಉಷ್ಟ್ರಪಕ್ಷಿಯ ಗರಿಗಳಿಂದ ಕಟ್ಟಿದ ಎರಡು ಭಾರಿ ಬೀಸಣಿಗೆಗಳು, ಮಂದ ಬೆಳಕು, ಡೆಬ್ಯೂಸಿ ಮತ್ತು ಶೋಪಾನರ ಸಂಗೀತ. ಒಂದು ಬೀಸಣಿಗೆ ಸರಿಯುವ ಮೊದಲೇ ಇನ್ನೊಂದು ಆ ಜಾಗಕ್ಕೆ ಬಂದಿರಬೇಕು. ಯಕ್ಷಗಾನದ ಒಡ್ಡೋಲಗದಲ್ಲಿ ತೆರೆಯ ಹಿಂದಿನಿಂದ ವೇಷವು ತುಸುತುಸುವೇ ಕಾಣುವುದನ್ನು ನೋಡಿದವರಿಗೆ ಇದರ ತಂತ್ರ ಹೊಸತೆನಿಸದು. ಅಲ್ಲಿ ತೆರೆಯನ್ನು ಬೇರೆಯವರು ಹಿಡಿಯುತ್ತಾರೆ, ಇಲ್ಲಿ ಕುಣಿಯುವವಳೇ ಹಿಡಿದಿದ್ದಾಳೆ. (ಎರಡರ ಉದ್ದೇಶ ಬೇರೆಯೆಂಬುದನ್ನು ನಾನು ಮರೆತಿಲ್ಲ.) ವಿಡಂಬನೆಯ ನಾಟಕವಾಗಿ 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಅಮೆರಿಕೆಗೆ ಬಂದ ಬರ್ಲೆಸ್ಕ್, ಆ ಹೊತ್ತಿಗೆ ಬಟ್ಟೆ ಕಳಚುವ ಆಟವಾಗಿ ಇಳಿದಿತ್ತು. ರ‍್ಯಾಂಡಳ ನೃತ್ಯದಲ್ಲಿ ಕಳಚುವುದೇ ಇರಲಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಮುಚ್ಚುವ ಆಟ.

ಕಾನೂನಿಗೆ ಇದೇ ತೊಡಕಾಯಿತು. ಪೊಲೀಸರು ಒಂದೇ ದಿನದಲ್ಲಿ ನಾಲ್ಕು ಸಲ ಆಕೆಯನ್ನು ಬಂಧಿಸಿದರು. ಪ್ರದರ್ಶನ ತಡೆಯಬೇಕೆಂಬ ದಾವೆಯನ್ನು ನ್ಯಾಯಾಧೀಶ ಜೋಸೆಫ್ ಡೇವಿಡ್ ತಳ್ಳಿಹಾಕಿದನು. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೊಮ್ಮೆ ಮೊಕದ್ದಮೆಯಾದಾಗ ನ್ಯಾಯಾಧೀಶನೇ ಹೋಗಿ ನೃತ್ಯ ನೋಡಿಬಂದು, ಇದರಲ್ಲಿ ಅಪರಾಧವಿಲ್ಲವೆಂದು ಬಿಡುಗಡೆ ಮಾಡಿದನು. ಈ ನಡುವೆ ಬೀಸಣಿಗೆಯ ಜಾಗಕ್ಕೆ ಆಳೆತ್ತರದ ಪಾರದರ್ಶಕ ಗುಳ್ಳೆಯೂ ಬಂದಿತ್ತು. 1941ರ 'ಹಾಲಿವುಡ್ ಸ್ಟೆಪ್ಸ್ ಔಟ್' ಎಂಬ ವ್ಯಂಗ್ಯಚಿತ್ರಮಾಲೆಯ ಚಲನಚಿತ್ರದಲ್ಲಿ ಆ ಗುಳ್ಳೆಯನ್ನು ಕವಣೆಯಿಂದ ಒಡೆದು ನಗಿಸಿದರು. ಜನ ಗುರುತಿಸಬಲ್ಲರೆಂಬ ಭರವಸೆಯಿಲ್ಲದೆ ಇಂಥ ಅಣಕ ಹುಟ್ಟುವುದಿಲ್ಲ.

ಆದರೆ ಬೀಸಣಿಗೆ ಮೊದಲು ಯಾರ ಕೈಯಲ್ಲಿತ್ತು? ಫೇತ್ ಬೇಕನ್ ಎಂಬ ನರ್ತಕಿ 1930ರಲ್ಲಿಯೇ ನ್ಯೂಯಾರ್ಕಿನ ಅರ್ಲ್ ಕ್ಯಾರಲ್‌ನ 'ವ್ಯಾನಿಟೀಸ್' ಪ್ರದರ್ಶನದಲ್ಲಿ ಗರಿಯ ಬೀಸಣಿಗೆಗಳೊಡನೆ ಕುಣಿದು ಬಂಧನಕ್ಕೊಳಗಾಗಿದ್ದಳು. ಅಲ್ಲಿನ ರಂಗಭೂಮಿಯ ವಿಚಿತ್ರ ನಿಯಮವೆಂದರೆ ನಗ್ನದೇಹವು ಕದಲದೆ ಪ್ರತಿಮೆಯಂತೆ ನಿಂತಿದ್ದರೆ ಸಹ್ಯ, ಕದಲಿದರೆ ಅಶ್ಲೀಲ. ಕದಲುವಾಗ ಮುಚ್ಚಿಕೊಳ್ಳುವ ಬೀಸಣಿಗೆ ಆ ನಿಯಮಕ್ಕೆ ಒಡ್ಡಿದ ಉತ್ತರವೇ ಆಗಿತ್ತು. 1933ರಲ್ಲಿ ಅವಳೂ ಶಿಕಾಗೊ ಮೇಳದಲ್ಲಿ 'ಮೂಲ ಬೀಸಣಿಗೆ ನರ್ತಕಿ' ಎಂಬ ಬಿರುದು ಹಾಕಿಕೊಂಡು ಕುಣಿದಳು. ಮೂಲವೆಂದು ಸಾರಿ ಹೇಳಬೇಕಾಗಿ ಬಂದಾಗಲೇ ಸೋಲು ಆರಂಭವಾಗಿತ್ತೆಂದು ನನಗನಿಸುತ್ತದೆ. 1938ರಲ್ಲಿ ಆಕೆ ರ‍್ಯಾಂಡಳ ಮೇಲೆ 3,75,000 ಡಾಲರುಗಳ ದಾವೆ ಹೂಡಿದಳು. ಒಂದು ಭಂಗಿಗೆ, ಕೈಯ ಒಂದು ತಿರುವಿಗೆ ಒಡೆತನದ ಪತ್ರ ಬರೆದುಕೊಡುವವರು ಯಾರು? ರ‍್ಯಾಂಡ್ ಕುಣಿಯುತ್ತಲೇ ಇದ್ದಳು. ಕೆಲಸ ಅರಸುತ್ತ ಮತ್ತೆ ಶಿಕಾಗೊಗೆ ಬಂದ ಬೇಕನ್ 1956ರಲ್ಲಿ, 46ನೆಯ ವಯಸ್ಸಿನಲ್ಲಿ, ಅಲ್ಲಿಯೇ ತನ್ನ ಬದುಕನ್ನು ಕೊನೆಗೊಳಿಸಿಕೊಂಡಳು.

ಆರು ವರ್ಷಗಳ ಬಳಿಕ ಹ್ಯೂಸ್ಟನ್ ನಗರವು ಅಮೆರಿಕೆಯ ಮೊದಲ ಗಗನಯಾತ್ರಿಗಳನ್ನು ಸ್ವಾಗತಿಸಿದ ಔತಣದಲ್ಲಿ, ಅರುವತ್ತರ ಹತ್ತಿರದ ರ‍್ಯಾಂಡ್ ಅವೇ ಬೀಸಣಿಗೆಗಳ ನೃತ್ಯ ಮಾಡಿದಳು. 1983ರ 'ದಿ ರೈಟ್ ಸ್ಟಫ್' ಚಿತ್ರದಲ್ಲಿ ಆ ಪ್ರಸಂಗವಿದೆ. ಡೆಬ್ಯೂಸಿಯ ಸಂಗೀತಕ್ಕೆ ಬೀಸಣಿಗೆಗಳು ಆಡುತ್ತಿವೆ, ಬಾಹ್ಯಾಕಾಶದ ವೀರರು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಕುಣಿಯುವುದು ಬೇರೊಬ್ಬ ನಟಿ. ರ‍್ಯಾಂಡ್ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದಳು.