ಮೇಲಿನಿಂದ ಕೆಳಕ್ಕೆ ಹರಿದ ಸಂಗೀತ

1987ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಒಂದು ಫ್ಲಾಪಿ ಮಾರಾಟಕ್ಕೆ ಬಂತು. ಅದರೊಳಗಿದ್ದ ತಂತ್ರಾಂಶದ ಹೆಸರು ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’. ಬರೆದವರು ಕಾರ್ಸ್ಟನ್ ಒಬಾರ್ಸ್ಕಿ ಎಂಬ ತರುಣ. ಕಂಪ್ಯೂಟರ್ ಆಟಗಳಿಗೆ ಸಂಗೀತ ಕೂಡಿಸುತ್ತಿದ್ದ ಅವರು ತಮ್ಮ ಕೆಲಸಕ್ಕೆ ಅನುಕೂಲವಾಗಲೆಂದು ಮಾಡಿಕೊಂಡ ಸಾಧನ ಅದು. ಅಂಗಡಿಯಲ್ಲಿ ಹೆಚ್ಚೇನೂ ಖರ್ಚಾಗಲಿಲ್ಲ. ಆದರೂ ಮುಂದಿನ ಹತ್ತು ವರ್ಷ ಯುರೋಪಿನ ಅದೆಷ್ಟೋ ಹುಡುಗರು ತಮ್ಮ ಕೋಣೆಯಲ್ಲೇ ಕೂತು ಸಂಗೀತ ಕಟ್ಟಿದ್ದು ಅದರ ವಂಶದ ತಂತ್ರಾಂಶಗಳಿಂದ. ಆ ವಂಶಕ್ಕೆ ‘ಟ್ರ್ಯಾಕರ್’ ಎಂದು ಹೆಸರು.

ನಾನು ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಏರಿಸಿ ಟ್ರ್ಯಾಕರ್ ತೆರೆಯುವುದು ನನ್ನ ಹಳೆಯ ಅಭ್ಯಾಸ. ಅದರಿಂದ ಒಂದು ರೂಪಾಯಿಯೂ ಬಂದಿಲ್ಲ; ಬರಲಿ ಎಂದು ಮಾಡಿದ್ದೂ ಅಲ್ಲ. ಈ ಕೆಲಸವನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ ಗುರುಗಳು ನನಗಿರಲಿಲ್ಲ. ಮುಖ ನೋಡದ ಜನ ತೆರೆದಿಟ್ಟು ಹೋದ ಹಾಡುಗಳೇ ಕಲಿಸಿದವು. ಹಾಡನ್ನು ಹಾಗೆ ತೆರೆದಿಡುವ ರೂಢಿ ಹೇಗೆ ಬಂತು ಎನ್ನುವುದನ್ನು ಕನ್ನಡದಲ್ಲಿ ಬರೆದಿಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಧ್ವನಿಯನ್ನು ಮುದ್ರಿಸಿಕೊಂಡು ಅದನ್ನೇ ಬೇಕಾದ ಸ್ಥಾಯಿಯಲ್ಲಿ ನುಡಿಸುವ ವಿದ್ಯೆ ಟ್ರ್ಯಾಕರಿಗೂ ಮೊದಲೇ ಇತ್ತು. 1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ತಂದ ‘ಫೇರ್‌ಲೈಟ್’ ಯಂತ್ರ ಆ ಕೆಲಸ ಮಾಡುತ್ತಿತ್ತು. ಆದರೆ ಅದರ ಬೆಲೆಗೆ ಮನೆ ಕೊಳ್ಳಬಹುದಿತ್ತು. ಪೀಟರ್ ಗೇಬ್ರಿಯಲ್, ಕೇಟ್ ಬುಷ್ ಅವರಂಥ ಹೆಸರಾಂತ ಕಲಾವಿದರ ಕೈಗೆ ಮಾತ್ರ ಅದು ಎಟುಕಿತು. 1983ರಲ್ಲಿ ಮಿಡಿ ಎಂಬ ಒಪ್ಪಂದ ಬಂದು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದಕ್ಕೊಂದು ಮಾತಾಡತೊಡಗಿದವು. ಆಗಲೂ ಕೀಬೋರ್ಡು, ಡ್ರಮ್ ಯಂತ್ರ, ಮಿಕ್ಸರ್ ಎಲ್ಲವನ್ನೂ ಬೇರೆ ಬೇರೆಯಾಗಿ ಕೊಳ್ಳಲೇಬೇಕಿತ್ತು.

ಕಮೋಡೋರ್ ಕಂಪನಿಯ ಅಮಿಗಾ ಕಂಪ್ಯೂಟರ್ ಈ ಲೆಕ್ಕವನ್ನು ಬದಲಿಸಿತು. ಮೊದಲ ಅಮಿಗಾ ಬಂದದ್ದು 1985ರಲ್ಲಿ. ಮಧ್ಯಮ ವರ್ಗದ ಮನೆಗೂ ನಿಲುಕುವ ಅಮಿಗಾ 500 ಬಂದದ್ದು 1987ರಲ್ಲಿ. ಅದರೊಳಗೆ ಗ್ಲೆನ್ ಕೆಲ್ಲರ್ ವಿನ್ಯಾಸ ಮಾಡಿದ ‘ಪೌಲಾ’ ಎಂಬ ಚಿಪ್ ಇತ್ತು. ಅದಕ್ಕೆ ನಾಲ್ಕು ಧ್ವನಿ ಚಾನೆಲ್, ಪ್ರತಿಯೊಂದೂ 8 ಬಿಟ್. ಒಂದನೆಯ ಮತ್ತು ನಾಲ್ಕನೆಯ ಚಾನೆಲ್ ಎಡ ಕಿವಿಗೆ, ಎರಡನೆಯದು ಮೂರನೆಯದು ಬಲ ಕಿವಿಗೆ. ಮುದ್ರಿಸಿದ ಯಾವ ಧ್ವನಿಯನ್ನಾದರೂ ಪೌಲಾ ವೇಗ ಹೆಚ್ಚಿಸಿ, ತಗ್ಗಿಸಿ ನುಡಿಸುತ್ತಿತ್ತು. ಸ್ವರ ಏರುವುದು ಇಳಿಯುವುದು ಆ ವೇಗದಿಂದಲೇ. ಫೇರ್‌ಲೈಟಿನ ಮೂಲ ತತ್ತ್ವ ಹುಡುಗರ ಮೇಜಿನ ಮೇಲೆ ಬಂದು ಕೂತಿತ್ತು. ಅದಕ್ಕೊಂದು ಬರವಣಿಗೆಯ ಕ್ರಮ ಬೇಕಾಗಿತ್ತು. ಕ್ರಿಸ್ ಹ್ಯೂಲ್ಸ್‌ಬೆಕ್ ಎಂಬ ಇನ್ನೊಬ್ಬ ಜರ್ಮನ್ ಹುಡುಗ 1986ರಲ್ಲಿ ‘64-ಎರ್’ ಪತ್ರಿಕೆಯಲ್ಲಿ ಕಮೋಡೋರ್ 64 ಕಂಪ್ಯೂಟರಿಗಾಗಿ ‘ಸೌಂಡ್‌ಮಾನಿಟರ್’ ಎಂಬ ಸಂಗೀತ ತಂತ್ರಾಂಶ ಪ್ರಕಟಿಸಿ ದಾರಿ ತೋರಿಸಿದ್ದರು. ಅಂಥದೊಂದು ಕ್ರಮವನ್ನು ಒಬಾರ್ಸ್ಕಿ ಅಮಿಗಾಕ್ಕೆ ಒಪ್ಪುವ ಹಾಗೆ ರೂಪಿಸಿದರು.

ಟ್ರ್ಯಾಕರಿನ ಪರದೆಯನ್ನು ನೋಡದವರಿಗಾಗಿ ವಿವರಿಸುತ್ತೇನೆ. ಅಂಗಡಿಯ ಖಾತೆ ಪುಸ್ತಕದ ಹಾಗೆ ನಾಲ್ಕು ಕಾಲಂ, ಅರವತ್ನಾಲ್ಕು ಸಾಲು. ಪ್ರತಿ ಕಾಲಂ ಒಂದು ಚಾನೆಲ್. ಪ್ರತಿ ಮನೆಯಲ್ಲಿ ಒಂದು ಸ್ವರ, ಯಾವ ವಾದ್ಯ ಎನ್ನುವ ಸಂಖ್ಯೆ, ಆ ಸ್ವರಕ್ಕೆ ಏನು ಮಾಡಬೇಕು ಎನ್ನುವ ಆಜ್ಞೆ. ಪಾಶ್ಚಾತ್ಯ ಸ್ವರಲಿಪಿ ಎಡದಿಂದ ಬಲಕ್ಕೆ ಹೋಗುತ್ತದೆ, ಇಲ್ಲಿ ಹಾಡು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಗಡಿಯಾರ ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಸಾಮಾನ್ಯವಾಗಿ ಒಂದು ಸಾಲಿಗೆ ಆರು ಮಿಡಿತ. ಅಂದರೆ 64 ಸಾಲಿನ ಒಂದು ಪ್ಯಾಟರ್ನ್ ಮುಗಿಯಲು 7.68 ಸೆಕೆಂಡು. ನಾಲ್ಕು ಸಾಲಿಗೆ ಒಂದು ಪೆಟ್ಟು ಎಂದುಕೊಂಡರೆ ನಿಮಿಷಕ್ಕೆ ಸರಿಯಾಗಿ 125 ಪೆಟ್ಟು. ಈ ವೇಗದಲ್ಲಿ ಅಷ್ಟೊಂದು ಹಾಡು ಹುಟ್ಟಿದ್ದಕ್ಕೆ ಕಾರಣ ಈ ಗುಣಾಕಾರವೇ.

ಒಬಾರ್ಸ್ಕಿಯ ತಂತ್ರಾಂಶವನ್ನು ಹುಡುಗರು ಬಿಚ್ಚಿ ನೋಡಿದರು, ದೋಷ ತಿದ್ದಿದರು, ತಮಗೆ ಬೇಕಾದದ್ದನ್ನು ಸೇರಿಸಿ ಮತ್ತೆ ಹಂಚಿದರು. 15 ವಾದ್ಯಗಳ ಮಿತಿ 31ಕ್ಕೆ ಏರಿತು. 1989ರಲ್ಲಿ ಸ್ವೀಡನ್ನಿನ ಮಹೋನಿ ಮತ್ತು ಕಾಕ್ಟಸ್ ಎಂಬ ಅಡ್ಡಹೆಸರಿನ ಜೋಡಿ ‘ನಾಯ್ಸ್‌ಟ್ರ್ಯಾಕರ್’ ಹೊರತಂದಿತು; 1990ರಲ್ಲಿ ನಾರ್ವೆಯ ಅಮಿಗಾ ಫ್ರೀಲ್ಯಾನ್ಸರ್ಸ್ ಬಳಗ ‘ಪ್ರೋಟ್ರ್ಯಾಕರ್’ ತಂದಿತು. ಅನುಮತಿ ಕೇಳಿದವರು ಕಡಿಮೆ, ಕಾನೂನಿನ ಕಣ್ಣಲ್ಲಿ ಇದು ಸರಿಯಿರಲಿಲ್ಲ. ಒಂದು ಕಸುಬಾಗಿ ಟ್ರ್ಯಾಕರ್ ಬೆಳೆದದ್ದು ಮಾತ್ರ ಈ ಕೈಬದಲಿಕೆಯಿಂದಲೇ.

ಇವುಗಳಿಂದ ಹೊರಬರುತ್ತಿದ್ದ ಕಡತಕ್ಕೆ ‘ಮಾಡ್ಯೂಲ್’ ಎನ್ನುತ್ತಾರೆ. ಇಡೀ ಚರಿತ್ರೆಯ ಜೀವ ಅದರಲ್ಲಿದೆ. ಎಂಪಿ3ಯಲ್ಲಿ ಸಿಗುವುದು ಅಟ್ಟು ಮುಗಿದ ಶಬ್ದ. ಒಳಗೆ ಏನೇನು ಬಿದ್ದಿದೆ ಎಂದು ಕಿವಿಯಿಂದಲೇ ಊಹಿಸಬೇಕು. ಮಾಡ್ಯೂಲಿನಲ್ಲಿ ಸ್ವರಗಳು, ಆಜ್ಞೆಗಳು, ಪ್ಯಾಟರ್ನುಗಳ ಕ್ರಮ, ಬಳಸಿದ ಪ್ರತಿ ಧ್ವನಿಯ ಮುದ್ರಣ ಎಲ್ಲವೂ ಒಟ್ಟಿಗಿರುತ್ತವೆ. ಹಾಡು ಕೇಳಲು ತೆರೆದವನಿಗೆ ಹಾಡು ಮಾಡಿದ ಬಗೆಯೂ ಕಾಣುತ್ತದೆ. ಮರೆಮಾಡಲು ಜಾಗವೇ ಇಲ್ಲ. ಇಷ್ಟಾಗಿಯೂ ಗಾತ್ರ ಸಾಮಾನ್ಯವಾಗಿ ನೂರಿನ್ನೂರು ಕಿಲೋಬೈಟು. 880 ಕಿಲೋಬೈಟಿನ ಒಂದು ಅಮಿಗಾ ಫ್ಲಾಪಿಯಲ್ಲಿ ನಾಲ್ಕಾರು ಹಾಡು ಹಿಡಿಯುತ್ತಿದ್ದವು.

ಆ ಫ್ಲಾಪಿಗಳು ಅಂಚೆಯಲ್ಲಿ ಊರಿಂದೂರಿಗೆ ಓಡಾಡಿದವು. ಹುಡುಗರು ಕಟ್ಟಿಕೊಂಡ ಗುಂಪುಗಳಲ್ಲಿ ‘ಸ್ವಾಪರ್’ ಎನ್ನುವವನ ಕೆಲಸವೇ ಅದು: ಬಂದ ಲಕೋಟೆ ಬಿಚ್ಚು, ನಕಲು ಮಾಡು, ಮುಂದಕ್ಕೆ ಕಳಿಸು. ಅಂಚೆ ಖರ್ಚು ಉಳಿಸಲು ಚೀಟಿಯ ಮೇಲೆ ತೆಳ್ಳಗೆ ಅಂಟು ಸವರುತ್ತಿದ್ದರು. ಮುದ್ರೆಯ ಮಸಿ ಅಂಟಿನ ಮೇಲೆ ಕೂತಿರುತ್ತಿತ್ತು, ತೊಳೆದರೆ ಚೀಟಿ ಮತ್ತೆ ಹೊಸದು. ಪ್ರತಿ ವಾದ್ಯದ ಹೆಸರಿಗೆಂದು ಮಾಡ್ಯೂಲಿನಲ್ಲಿ 22 ಅಕ್ಷರದ ಜಾಗ ಇರುತ್ತದೆ. ಅಂಥ 31 ಸಾಲು. ಹುಡುಗರು ಅಲ್ಲಿ ವಾದ್ಯದ ಹೆಸರು ಬರೆಯುವುದು ಬಿಟ್ಟು ಪತ್ರವನ್ನೇ ಬರೆದರು: ಇದನ್ನು ಮಾಡಿದ್ದು ನಾನು, ಡ್ರಮ್ ಧ್ವನಿ ಇಂಥವರದು, ಇಂಥಿಂಥ ಗೆಳೆಯರಿಗೆ ನಮಸ್ಕಾರ, ಉತ್ತರ ಬರೆಯಲು ವಿಳಾಸ ಇದು. ಇನ್ನೊಬ್ಬರ ಧ್ವನಿಯನ್ನು ಎತ್ತಿಕೊಳ್ಳಬಹುದಿತ್ತು, ಯಾರದು ಎಂದು ಹೇಳುವುದು ಮರ್ಯಾದೆಯಾಗಿತ್ತು.

ಅಮಿಗಾ ನಮ್ಮ ಕಡೆ ಬರಲಿಲ್ಲ ಎಂದರೂ ನಡೆಯುತ್ತದೆ. ನನ್ನ ಕೈಗೆ ಮಾಡ್ಯೂಲ್ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ಪತ್ರಿಕೆಯ ಜೊತೆ ಕೊಡುತ್ತಿದ್ದ ಸಿಡಿಯಲ್ಲಿ. ಅಷ್ಟರಲ್ಲಿ ಕಮೋಡೋರ್ 1994ರಲ್ಲಿ ದಿವಾಳಿಯಾಗಿತ್ತು, ಟ್ರ್ಯಾಕರ್ ಪಿಸಿಗೆ ದಾಟಿತ್ತು. ಫಿನ್‌ಲೆಂಡಿನ ಫ್ಯೂಚರ್ ಕ್ರೂ ಗುಂಪಿನ ‘ಸ್ಕ್ರೀಮ್ ಟ್ರ್ಯಾಕರ್ 3’ ಮತ್ತು ಸ್ವೀಡನ್ನಿನ ಟ್ರೈಟನ್ ಗುಂಪಿನ ‘ಫಾಸ್ಟ್‌ಟ್ರ್ಯಾಕರ್ 2’ ಎರಡೂ 1994ರವು. ಆಸ್ಟ್ರೇಲಿಯಾದ ಜೆಫ್ರಿ ಲಿಮ್ ಬರೆದ ‘ಇಂಪಲ್ಸ್ ಟ್ರ್ಯಾಕರ್’ 1995ರದು. ನಾನು ಕಲಿತದ್ದು ಫಾಸ್ಟ್‌ಟ್ರ್ಯಾಕರಿನಲ್ಲಿ. ಅದರಲ್ಲಿ 32 ಚಾನೆಲ್ ಇದ್ದರೂ ಪಾಠ ಆದದ್ದು ಹಳೆಯ ನಾಲ್ಕು ಚಾನೆಲ್ಲಿನ ಹಾಡುಗಳಿಂದ.

ನಾಲ್ಕೇ ಕಾಲಮ್ಮಿನಲ್ಲಿ ಇಡೀ ವಾದ್ಯಮೇಳ ಕೇಳಿಸುವುದು ಹೇಗೆ? ಒಂದೊಂದೇ ಚಾನೆಲ್ ಮುಚ್ಚಿ ಕೇಳಿದಾಗ ಗುಟ್ಟು ಬಿಡುತ್ತದೆ. ಡ್ರಮ್ ಮತ್ತು ಬೇಸ್ ಒಂದೇ ಕಾಲಮ್ಮಿನಲ್ಲಿರುತ್ತವೆ. ಡ್ರಮ್ ಬೀಳುವ ಸಾಲಿನಲ್ಲಿ ಬೇಸ್ ಒಂದು ಕ್ಷಣ ತಪ್ಪಿದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಪ್ರತಿಧ್ವನಿ ಬೇಕೆಂದರೆ ಅದೇ ರಾಗದ ಎಳೆಯನ್ನು ಪಕ್ಕದ ಕಾಲಮ್ಮಿನಲ್ಲಿ ಮೂರು ಸಾಲು ಕೆಳಗೆ, ಧ್ವನಿ ತಗ್ಗಿಸಿ ಬರೆಯುತ್ತಾರೆ. ಸ್ವರಮೇಳಕ್ಕೆ ಮೂರು ಚಾನೆಲ್ ಖರ್ಚು ಮಾಡುವಂತಿಲ್ಲ. ಅದಕ್ಕೆ 047 ಎಂಬ ಆಜ್ಞೆ. ಷಡ್ಜ, ಅಂತರ ಗಾಂಧಾರ, ಪಂಚಮ ಈ ಮೂರನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೊಮ್ಮೆ ಬದಲಿಸುತ್ತ ಒಂದೇ ಚಾನೆಲ್ಲಿನಲ್ಲಿ ನುಡಿಸುತ್ತದೆ. 037 ಎಂದು ಬರೆದರೆ ಸಾಧಾರಣ ಗಾಂಧಾರ. ಹಳೆಯ ಆಟಗಳ ಸಂಗೀತದಲ್ಲಿ ಕೇಳುವ ಆ ಗುಳುಗುಳು ನಾದ ಹುಟ್ಟಿದ್ದು ಹೀಗೆ. ಅಮಿಗಾದಲ್ಲಿ ಇನ್ನೊಂದು ಆಜ್ಞೆ ಧ್ವನಿಯ ಫಿಲ್ಟರನ್ನು ತೆಗೆಯುತ್ತಿತ್ತು. ಆಗ ಕಂಪ್ಯೂಟರಿನ ಪವರ್ ದೀಪವೂ ಮಂಕಾಗುತ್ತಿತ್ತು, ಎರಡಕ್ಕೂ ಒಂದೇ ತಂತಿ.

ಒಂಬತ್ತನೆಯ ಆಜ್ಞೆ ಇತಿಹಾಸವನ್ನೇ ಮಾಡಿತು. ಮುದ್ರಿಸಿದ ಧ್ವನಿಯನ್ನು ಮೊದಲಿನಿಂದ ನುಡಿಸದೆ ನಡುವಿನ ಯಾವುದೋ ಜಾಗದಿಂದ ಶುರು ಮಾಡುವುದು ಅದರ ಕೆಲಸ. ಹಳೆಯ ಫಂಕ್ ರೆಕಾರ್ಡಿನ ಡ್ರಮ್ ತುಣುಕನ್ನು ಹಾಕಿಕೊಂಡು ಈ ಆಜ್ಞೆಯಿಂದ ಕತ್ತರಿಸಿ ಮರುಜೋಡಿಸಿದರೆ ಯಾವ ಡ್ರಮ್ಮರೂ ಬಾರಿಸದ ನಡೆ ಬರುತ್ತದೆ. ಬ್ರಿಟನ್ನಿನ ರೇವ್ ಮತ್ತು ಜಂಗಲ್ ಸಂಗೀತದ ಹುಡುಗರು ಇದನ್ನು ಚೆನ್ನಾಗಿ ದುಡಿಸಿಕೊಂಡರು. ಟೇಯೋ ಕಿನ್ನುನೆನ್ ಎಂಬ ಫಿನ್‌ಲೆಂಡಿನವರು ಬರೆದ ‘ಆಕ್ಟಾಮೆಡ್’ ಟ್ರ್ಯಾಕರಿನಲ್ಲಿ ಅರ್ಬನ್ ಶೇಕ್‌ಡೌನ್ ಗುಂಪು ಮಾಡಿದ ‘ಸಮ್ ಜಸ್ಟಿಸ್’ 1992ರಲ್ಲಿ ಬ್ರಿಟನ್ನಿನ ಟಾಪ್ 40 ಪಟ್ಟಿ ಸೇರಿತು. ಸ್ಕಾಟ್ಲೆಂಡಿನ ಕ್ಯಾಲ್ವಿನ್ ಹ್ಯಾರಿಸ್ 2007ರ ತಮ್ಮ ಮೊದಲ ಆಲ್ಬಮ್ಮನ್ನು ಕೂಡ ಅಮಿಗಾದಲ್ಲೇ ಕಟ್ಟಿದರು.

ನನ್ನ ಅಮ್ಮ ವೀಣೆ ಕಲಿತವರು. ತೋಡಿಯ ಎಳೆಯೊಂದನ್ನು ಟ್ರ್ಯಾಕರಿನಲ್ಲಿ ಬರೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿ, “ಗಾಂಧಾರ ಹಾಗೆ ಎರಡೂ ಕಡೆ ಸಮ ಅಲ್ಲಾಡೋದಲ್ಲ ಕಣೋ, ರಿಷಭದ ಮೇಲೆ ಕೂತು ಮಧ್ಯಮ ಮುಟ್ಟಿ ಬರಬೇಕು” ಅಂದರು. ಟ್ರ್ಯಾಕರಿನ ನಾಲ್ಕನೆಯ ಆಜ್ಞೆ ಸ್ವರವನ್ನು ಮೇಲೂ ಕೆಳಗೂ ಸಮನಾಗಿ ತೂಗುತ್ತದೆ. ಪಾಶ್ಚಾತ್ಯ ಪಿಟೀಲಿಗೆ ಅದು ಸಾಕು. ತೋಡಿಗೆ ಮೂರನೆಯ ಆಜ್ಞೆ ಬೇಕು, ಅದು ಸ್ವರದಿಂದ ಸ್ವರಕ್ಕೆ ಜಾರಿಸುತ್ತದೆ. ಶುದ್ಧ ರಿಷಭ ಹಿಡಿದು ಒಂದು ಸಾಲಿನಲ್ಲಿ ಮಧ್ಯಮಕ್ಕೆ ಜಾರು, ಮುಂದಿನ ಸಾಲಿನಲ್ಲಿ ಹಿಂದಿರುಗು, ಎರಡು ಸಾಲು ನಿಲ್ಲು, ಮತ್ತೆ ಜಾರು. ಜಾರುವ ವೇಗವನ್ನು ಸಾಲು ಸಾಲಿಗೂ ಕೈಯಿಂದ ತುಂಬಬೇಕು. ಒಂದು ಗಮಕವನ್ನು ಹೀಗೆ ಅಂಕಿಗಳಲ್ಲಿ ಬರೆದ ಮೇಲೆ ವೀಣೆಯ ಮೆಟ್ಟಿಲ ಮೇಲೆ ಅಮ್ಮನ ಬೆರಳು ಏನು ಮಾಡುತ್ತಿತ್ತು ಎನ್ನುವುದು ನನಗೆ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಮಿಶ್ರ ಚಾಪಿಗೂ ದಾರಿಯುಂಟು. ಏಳು ಅಕ್ಷರ, ಅಕ್ಷರಕ್ಕೆ ನಾಲ್ಕು ಸಾಲು, ಎರಡು ಆವರ್ತಕ್ಕೆ 56 ಸಾಲು. ಸಾಲುಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 55ನೆಯ ಸಾಲಿನಲ್ಲಿ ಡಿ00 ಎಂದು ಬರೆದರೆ ಪ್ಯಾಟರ್ನ್ ಅಲ್ಲಿಗೇ ಮುಗಿದು ಮುಂದಿನದು ಆರಂಭವಾಗುತ್ತದೆ. ಒಬಾರ್ಸ್ಕಿಯ ಅರವತ್ನಾಲ್ಕರ ಚೌಕದಲ್ಲಿ ನಮ್ಮ ತಾಳವೂ ಕೂರುತ್ತದೆ.

ಯುರೋಪಿನ ಈ ಟ್ರ್ಯಾಕರ್ ಹುಡುಗರು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಿದ್ದರು. 1992ರಲ್ಲಿ ಫಿನ್‌ಲೆಂಡಿನಲ್ಲಿ ‘ಅಸೆಂಬ್ಲಿ’, ನಾರ್ವೆಯಲ್ಲಿ ‘ದ ಗ್ಯಾದರಿಂಗ್’ ಶುರುವಾದವು. ಸಭಾಂಗಣದ ತುಂಬ ಕಂಪ್ಯೂಟರ್, ವೇದಿಕೆಯಲ್ಲಿ ಸಂಗೀತದ ಸ್ಪರ್ಧೆ, ತೀರ್ಪು ಕೊಡುವವರು ಕೇಳಲು ಕೂತ ಜೊತೆಗಾರರೇ. ಚಿತ್ರ ಮತ್ತು ಸಂಗೀತವನ್ನು ಕಂಪ್ಯೂಟರಿನಿಂದ ಒಟ್ಟಿಗೆ ಹೊಮ್ಮಿಸುವ ಈ ಹವ್ಯಾಸಿ ಲೋಕಕ್ಕೆ ‘ಡೆಮೋಸೀನ್’ ಎಂದು ಹೆಸರು. ಫಿನ್‌ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಅದನ್ನು ತಮ್ಮ ದೇಶದ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿದವು. ಜನಪದ ಹಾಡು, ಹಬ್ಬಗಳ ಸಾಲಿನಲ್ಲಿ ಹುಡುಗರ ಕೋಣೆಯ ಸಂಗೀತಕ್ಕೂ ಜಾಗ ಸಿಕ್ಕಿದ್ದು ನ್ಯಾಯವಾದ ಮಾತು.

ಈಗಿನ ಸಂಗೀತ ತಂತ್ರಾಂಶಗಳಲ್ಲಿ ಚಾನೆಲ್ಲಿಗೆ ಲೆಕ್ಕವಿಲ್ಲ, ಧ್ವನಿಗಳಿಗೆ ಕೊನೆಯಿಲ್ಲ. ಅದರಲ್ಲಿ ತಪ್ಪೇನಿಲ್ಲ. ಕಳೆದುಹೋದದ್ದು ಆ ತೆರೆದಿಡುವ ರೂಢಿ. ಈಗ ಹಂಚಿಕೆಯಾಗುವುದು ಮುಗಿದ ಹಾಡು, ಮಾಡಿದ ದಾರಿ ಮಾಡಿದವನ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಕಲಿಯಬೇಕೆನ್ನುವ ಹುಡುಗಿಗೆ ವಿಡಿಯೋ ಪಾಠಗಳು ಬೇಕಾದಷ್ಟಿವೆ, ಆದರೆ ಮೆಚ್ಚಿದ ಹಾಡಿನ ಒಳಗೇ ಕೈಹಾಕಿ ನೋಡುವ ಅವಕಾಶವಿಲ್ಲ. ಕೈ ಪಳಗುವುದು ಆ ಒಳಗೆ. ಒಂದು ಬೇಸ್ ಎಲ್ಲಿ ತಪ್ಪಿದೆ, ಪ್ರತಿಧ್ವನಿ ಎಷ್ಟು ತಗ್ಗಿದೆ ಎನ್ನುವುದನ್ನು ಕಣ್ಣಾರೆ ಕಂಡವನಿಗೆ ಅದು ಮರೆಯುವುದಿಲ್ಲ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೀಟ್ ಕಟ್ಟುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ವಿನಂತಿ: ಹಾಡು ಮುಗಿದ ಮೇಲೆ ಅದರ ಪ್ರಾಜೆಕ್ಟ್ ಫೈಲನ್ನೂ ಬಿಟ್ಟುಕೊಡಿ, ಧ್ವನಿ ಯಾರದೆಂದು ಒಂದು ಸಾಲು ಬರೆಯಿರಿ. ಹೊಸದಾಗಿ ಶುರು ಮಾಡುವವರಿಗೆ ‘ಓಪನ್‌ಎಂಪಿಟಿ’ ಉಚಿತವಾಗಿ ಸಿಗುತ್ತದೆ, 1996ರಿಂದ ನಡೆದುಬಂದ ‘ಮಾಡ್ ಆರ್ಕೈವ್’ ಸಂಗ್ರಹದಲ್ಲಿ ಹಳೆಯ ಮಾಡ್ಯೂಲುಗಳು ರಾಶಿ ಬಿದ್ದಿವೆ. ನಾಲ್ಕು ಚಾನೆಲ್ಲಿನದೊಂದನ್ನು ತೆರೆಯಿರಿ. ಮೂರನ್ನು ಮುಚ್ಚಿ ಒಂದನ್ನೇ ಕೇಳಿ, ಪ್ರತಿ ಸಾಲಿನ ಆಜ್ಞೆ ಓದಿ. ಆಮೇಲೆ ಅದೇ ನಾಲ್ಕು ಕಾಲಮ್ಮಿನಲ್ಲಿ ನಿಮ್ಮದೊಂದು ಬರೆಯಿರಿ. ಬರೆದದ್ದನ್ನು ತೆರೆದ ಕಡತವಾಗಿಯೇ ಇನ್ನೊಬ್ಬರಿಗೆ ಕಳಿಸಿ.