‘ಸೆಪ್ಟಮ್’ ಶಬ್ದವೂ ಹೃದಯದ ತಡಿಕೆಯೂ

ಶರೀರದಲ್ಲಿ ಅಕ್ಕಪಕ್ಕದ ಎರಡು ಕುಹರಗಳನ್ನು ಬೇರ್ಪಡಿಸುವ ಗೋಡೆಗೆ ಪಾಶ್ಚಾತ್ಯ ವೈದ್ಯರು ‘ಸೆಪ್ಟಮ್’ ಎಂದು ಹೆಸರಿಟ್ಟಿರುವರು. ಮೂಗಿನ ಹೊಳ್ಳೆಗಳ ನಡುವಣದೂ ಹೃದಯದ ಎಡಬಲಗಳ ನಡುವಣದೂ ಸೆಪ್ಟಮೇ. ಸಂಸ್ಕೃತಜ್ಞರಿಗೆ ಇದನ್ನು ಕೇಳಿದೊಡನೆ ‘ಸಪ್ತ’ವು ನೆನಪಾಗುವುದು ಸಹಜ. ಲ್ಯಾಟಿನಿನಲ್ಲಿ ಏಳಕ್ಕೆ ‘ಸೆಪ್ಟೆಮ್’ ಎನ್ನುವರು. ಅದು ನಮ್ಮ ಸಪ್ತದ ಸೋದರಶಬ್ದವೇ ಸರಿ. ಆದರೆ ಈ ಗೋಡೆಗೂ ಆ ಏಳಕ್ಕೂ ಯಾವ ನಂಟೂ ಇಲ್ಲ. ಇದರ ಪ್ರಾಚೀನ ರೂಪವು ‘ಸೈಪ್ಟುಮ್’. ‘ಸೈಪೇಸ್’ ಎಂದರೆ ಬೇಲಿ. ಬೇಲಿಯಿಂದ ಆವರಿಸಲ್ಪಟ್ಟದ್ದು ಸೈಪ್ಟುಮ್. ರೋಮ್ ನಗರದಲ್ಲಿ ಪ್ರಜೆಗಳು ಮತ ಕೊಡಲು ನೆರೆಯುತ್ತಿದ್ದ ಆವರಣಕ್ಕೂ ಇದೇ ಶಬ್ದದ ಬಹುವಚನವು ಹೆಸರಾಗಿತ್ತು. ಅದಕ್ಕೆ ‘ಕುರಿದೊಡ್ಡಿ’ ಎಂಬ ಇನ್ನೊಂದು ಹೆಸರೂ ಇದ್ದಿತು. ಮತದಾರರು ಅದಕ್ಕೆ ಏನೆನ್ನುತ್ತಿದ್ದರೋ! ಕನ್ನಡದ ‘ತಡಿಕೆ’ಯೂ ಬಿದಿರನ್ನೋ ಸೋಗೆಯನ್ನೋ ಹೆಣೆದು ನಿಲ್ಲಿಸಿದ ಮರೆಯಾದುದರಿಂದ, ‘ವಿಭಾಜಕ ಭಿತ್ತಿ’ ಎಂಬ ಭಾರವಾದ ಸಮಾಸಕ್ಕಿಂತ ಅದೇ ಮೂಲಕ್ಕೆ ಸಮೀಪವಾದದ್ದು.

ಎದೆಗೂ ಹೊಟ್ಟೆಗೂ ನಡುವಣ ವಪೆಯನ್ನು ಗ್ರೀಕರು ‘ಡಯಾಫ್ರಾಗ್ಮ’ ಎಂದರು, ಅದೂ ಬೇಲಿಯೇ. ಮನೆಯಲ್ಲಿ ಪುರುಷರ ಅಂಕಣವನ್ನೂ ಸ್ತ್ರೀಯರ ಅಂಕಣವನ್ನೂ ಬೇರ್ಪಡಿಸುವಂತೆ, ಆತ್ಮದ ಉತ್ತಮಾಂಶವನ್ನು ಅಧಮಾಂಶದಿಂದ ವಪೆಯು ಬೇರ್ಪಡಿಸಿದೆಯೆಂದು ಪ್ಲೇಟೋ ‘ಟಿಮೇಯಸ್’ ಗ್ರಂಥದಲ್ಲಿ ಹೇಳಿರುವನು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸನು ಅದನ್ನೇ ‘ಅಡ್ಡ ಸೈಪ್ಟುಮ್’ ಎಂದು ಲ್ಯಾಟಿನಿಗೆ ತಂದನು.

ಹೃದಯದ ತಡಿಕೆಯ ಕಥೆ ಇಷ್ಟು ಸರಳವಲ್ಲ. ಎರಡನೆಯ ಶತಮಾನದ ಗೇಲೆನ್ ಎಂಬ ವೈದ್ಯನು, ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ರಕ್ತವು ಬಲಗಡೆಯಿಂದ ಎಡಗಡೆಗೆ ಸೋರುವುದೆಂದು ಬರೆದನು. ಅವನ ಮತದಲ್ಲಿ ರಕ್ತವು ಎಡಗಡೆಗೆ ಹೇಗಾದರೂ ಹೋಗಲೇಬೇಕಾಗಿತ್ತು. ಕಾಣುವ ದಾರಿ ಇಲ್ಲದುದರಿಂದ ಕಾಣದ ದಾರಿಯನ್ನು ಊಹಿಸಿದನು. ಗುರುವಾಕ್ಯದ ಮೇಲಣ ಗೌರವದಿಂದ ಸುಮಾರು 1400 ವರ್ಷ ಯೂರೋಪಿನ ವಿದ್ವಾಂಸರು ಇಲ್ಲದ ರಂಧ್ರಗಳನ್ನು ನಂಬಿದರು. ವೆಸೇಲಿಯಸನು ಸಹ ತನ್ನ ಕೈಯಿಂದಲೇ ಹೃದಯವನ್ನು ಸೀಳಿ ನೋಡಿಯೂ 1543ರ ಗ್ರಂಥದಲ್ಲಿ, ಹೀಗೆ ಕಾಣದ ದಾರಿಯಲ್ಲಿ ರಕ್ತವನ್ನು ಹರಿಸುವ ಸೃಷ್ಟಿಕರ್ತನ ಚಾತುರ್ಯಕ್ಕೆ ಬೆರಗಾದನು! 1555ರ ಪರಿಷ್ಕರಣದಲ್ಲಿ ಮಾತ್ರ ತನ್ನ ಸಂದೇಹವನ್ನು ಬಿಚ್ಚಿ ಹೇಳಿದನು. 1628ರಲ್ಲಿ ಹಾರ್ವೆಯು ರಕ್ತಪರಿಚಲನವನ್ನು ನಿರೂಪಿಸಿದ ಮೇಲೆ ಆ ರಂಧ್ರಗಳ ಅಗತ್ಯವೇ ತಪ್ಪಿತು.

ಆದರೆ ಇವರಿಗಿಂತ ಬಹು ಹಿಂದೆ, 1242ರಲ್ಲಿಯೇ, ದಮಾಸ್ಕಸಿನಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್ ನಫೀಸನು ಅವಿಸೆನ್ನನ ಶಾರೀರಭಾಗಕ್ಕೆ ಬರೆದ ಭಾಷ್ಯದಲ್ಲಿ, ಈ ತಡಿಕೆ ಘನವಾದುದು, ಇದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ, ರಕ್ತವು ಶ್ವಾಸಕೋಶವನ್ನು ಸುತ್ತಿಯೇ ಎಡಗಡೆಗೆ ಬರಬೇಕು ಎಂದು ನಿರ್ಣಯಿಸಿದ್ದನು. ಮೂಲಕಾರನಿಗೆ ಎದುರಾಡಲು ಭಾಷ್ಯಕಾರನಿಗೆ ಎಂತಹ ಧೈರ್ಯ ಬೇಕೆಂಬುದನ್ನು ಶಾಸ್ತ್ರಾಭ್ಯಾಸಿಗಳು ಬಲ್ಲರು. ಆ ಭಾಷ್ಯದ ಹಸ್ತಪ್ರತಿಯೊಂದು ಬರ್ಲಿನ್ ನಗರದ ಪುಸ್ತಕಾಲಯದಲ್ಲಿ ಉಳಿದಿತ್ತು. 1924ರಲ್ಲಿ ಈಜಿಪ್ಟಿನ ವೈದ್ಯನೊಬ್ಬನು ಅದನ್ನು ಓದಿ ಬೆಳಕಿಗೆ ತಂದನು.