ಎಂಜಿನ್ ತೊಳೆಯುವ ದಿನ ಗೊತ್ತುಮಾಡುವವರು ಯಾರು?

ತುಮಕೂರು ನಗರದ ಶೆಟ್ಟಿಹಳ್ಳಿಯವರಿಗೆ ಗುಬ್ಬಿ ದೂರದ ಊರಲ್ಲ. ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ, 615 ಎಕರೆ ಜಾಗದಲ್ಲಿ, ಹಿಂದೂಸ್ತಾನ್ ಏರೋನಾಟಿಕ್ಸ್‌ನ (ಎಚ್‌ಎಎಲ್) ಹೆಲಿಕಾಪ್ಟರ್ ಕಾರ್ಖಾನೆ ತಲೆ ಎತ್ತಿದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಮೊದಲು ಇಲ್ಲಿ ತಯಾರಿಸಲು ಆರಿಸಿಕೊಂಡದ್ದು ಮೂರು ಟನ್ ವರ್ಗದ ಲಘು ಹೆಲಿಕಾಪ್ಟರ್. ಅದಕ್ಕೆ ಇರುವುದು ಒಂದೇ ಎಂಜಿನ್. ಅದು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯದೆ ಯಾರೂ ನೆಲ ಬಿಡುವಂತಿಲ್ಲ.

ಆ ಸ್ಥಿತಿ ತಿಳಿಯುವ ವಿದ್ಯೆ ಒಂದೇ ಸಲಕ್ಕೆ ಬಂದದ್ದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆ ಸೇರಿ ಬೆಂಗಳೂರಿನಲ್ಲಿ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಯುದ್ಧದ ಒತ್ತಡದಲ್ಲಿ, 1943ರಲ್ಲಿ, ಅದು ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಯಿತು. ಆಗಿನದು ಪಿಸ್ಟನ್ ಎಂಜಿನ್‌ಗಳ ಕಾಲ, ನಿಯಮವೂ ಸರಳ: ಇಷ್ಟು ಗಂಟೆ ಹಾರಿತೇ, ಬಿಚ್ಚು, ಒರೆಸು, ಮತ್ತೆ ಜೋಡಿಸು. ಎಂಜಿನ್ ಚೆನ್ನಾಗಿದ್ದರೂ ಗಡುವು ಬಂದರೆ ಬಿಚ್ಚಲೇಬೇಕು.

1957ರಲ್ಲಿ ಬ್ರಿಟನ್ನಿನ ಆರ್ಫಿಯಸ್ ಜೆಟ್ ಎಂಜಿನ್ ತಯಾರಿಕೆಗಾಗಿ ಬೆಂಗಳೂರಿನಲ್ಲಿ ಎಂಜಿನ್ ವಿಭಾಗ ಶುರುವಾಯಿತು. ಜೆಟ್‌ನ ಕಷ್ಟವೇ ಬೇರೆ. ಅದು ಅಪಾರ ಗಾಳಿಯನ್ನು ಒಳಗೆಳೆಯುತ್ತದೆ, ಗಾಳಿಯೊಂದಿಗೆ ಧೂಳು, ಉಪ್ಪು, ಎಣ್ಣೆಯ ಹೊಗೆಯೂ ಬರುತ್ತವೆ. ಕಂಪ್ರೆಸರಿನ ಅಲಗುಗಳ ಮೇಲೆ ತೆಳುವಾದ ಜಿಡ್ಡು ಕಟ್ಟುತ್ತದೆ. ನುಣುಪಾಗಿದ್ದ ಅಲಗು ಒರಟಾದರೆ ಗಾಳಿ ಸಲೀಸಾಗಿ ಹರಿಯುವುದಿಲ್ಲ; ಅಷ್ಟೇ ಬಲ ಬೇಕೆಂದರೆ ಹೆಚ್ಚು ಇಂಧನ ಉರಿಯಬೇಕು, ಹಿಂದಿನಿಂದ ಹೊರಬರುವ ಅನಿಲ ಇನ್ನಷ್ಟು ಬಿಸಿಯಾಗಬೇಕು.

ಮೊದಮೊದಲು ಇದಕ್ಕೆ ಕಂಡುಕೊಂಡ ಉಪಾಯ ಒರಟಿನದು. ಓಡುತ್ತಿರುವ ಎಂಜಿನ್ನಿನ ಬಾಯಿಗೆ ಅಕ್ರೋಟದ ಚಿಪ್ಪಿನ ತರಿ, ಕೆಲವೆಡೆ ಅಕ್ಕಿ ಎಸೆದು ಕೊಳೆ ಉಜ್ಜಿ ತೆಗೆಯುತ್ತಿದ್ದರು. ಮುಂದೆ ಟರ್ಬೈನ್ ಅಲಗುಗಳಲ್ಲಿ ತಂಪುಗಾಳಿ ಹಾಯಲು ಸಣ್ಣ ರಂಧ್ರಗಳು ಬಂದವು. ತರಿ ಆ ರಂಧ್ರಗಳಲ್ಲಿ ಸಿಕ್ಕಿಕೊಂಡರೆ ಅಲಗು ಸುಟ್ಟುಹೋಗುವ ಭಯ. ಹಾಗಾಗಿ ಪದ್ಧತಿ ನೀರಿಗೆ ಬಂತು. ತಣ್ಣಗಾದ ಎಂಜಿನ್ನನ್ನು ಬೆಂಕಿ ಹೊತ್ತಿಸದೆ ಸ್ಟಾರ್ಟರ್‌ನಿಂದಲೇ ತಿರುಗಿಸುತ್ತಾ ಮುಂದಿನಿಂದ ಮಾರ್ಜಕದ ದ್ರಾವಣ ಸಿಂಪಡಿಸುತ್ತಾರೆ. ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಲವಣ ತೆಗೆದ ನೀರಿನಿಂದ ಜಾಲಿಸುತ್ತಾರೆ. ಹಿಂಬದಿಯಿಂದ ಕಂದು ನೀರು ಸುರಿಯುತ್ತದೆ. ಅದು ತಿಳಿಯಾದ ಮೇಲೆ ಎಂಜಿನ್ ಓಡಿಸಿ ಒಣಗಿಸುತ್ತಾರೆ.

ಆದರೆ ಯಾವಾಗ ತೊಳೆಯಬೇಕು? ಬಹುಕಾಲ ಅದನ್ನು ಹೇಳುತ್ತಿದ್ದುದು ಕ್ಯಾಲೆಂಡರೇ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ಗಂಟೆ ಲೆಕ್ಕದ ನಂಬಿಕೆಯನ್ನೇ ಅಲುಗಾಡಿಸಿತು: ಅವರು ಪರಿಶೀಲಿಸಿದ ವಿಮಾನ ಭಾಗಗಳಲ್ಲಿ ವಯಸ್ಸಿನ ಮಿತಿಯಿಂದ ಪ್ರಯೋಜನ ಇದ್ದದ್ದು ಸುಮಾರು ಶೇಕಡಾ 11ಕ್ಕೆ ಮಾತ್ರ. ಉಳಿದವುಗಳ ಸ್ಥಿತಿ ನೋಡಿಯೇ ತೀರ್ಮಾನಿಸಬೇಕು. ದಿನಾಂಕ ನೋಡಿ ಅಲ್ಲ, ಜ್ವರ ನೋಡಿ ಮದ್ದು ಕೊಡುವ ವೈದ್ಯರ ದಾರಿ ಇದು.

ಸ್ಥಿತಿ ನೋಡುವ ಕಣ್ಣು ಸಂವೇದಕಗಳದು. ಹೊರಹೋಗುವ ಅನಿಲದ ಬಿಸಿ, ಶಾಫ್ಟ್‌ನ ವೇಗ, ಇಂಧನದ ಹರಿವು ಇವೆಲ್ಲ ಪ್ರತಿ ಹಾರಾಟದಲ್ಲೂ ದಾಖಲಾಗುತ್ತವೆ. ಲೇಹ್‌ನ ಚಳಿಯಲ್ಲಿ ಸಿಕ್ಕ ಅಂಕಿಯನ್ನೂ ತುಮಕೂರಿನ ಬೇಸಿಗೆಯಲ್ಲಿ ಸಿಕ್ಕದ್ದನ್ನೂ ನೇರವಾಗಿ ಹೋಲಿಸುವಂತಿಲ್ಲ. ಎರಡನ್ನೂ ಸಮುದ್ರಮಟ್ಟದ 15 ಡಿಗ್ರಿಯ ಪ್ರಮಾಣಿತ ಹವೆಗೆ ಇಳಿಸಿ ನೋಡುತ್ತಾರೆ. ಹಾರಾಟದಿಂದ ಹಾರಾಟಕ್ಕೆ ಬಿಸಿಯ ಗೆರೆ ಮೇಲೇರುತ್ತಾ ಸುರಕ್ಷಿತ ಮಿತಿಯ ಹತ್ತಿರ ಬಂದರೆ ತೊಳೆಯುವ ಸರದಿ. ತೊಳೆದ ಮೇಲೆ ಗೆರೆ ಇಳಿದರೆ ತಪ್ಪು ಕೊಳೆಯದು. ಇಳಿಯದಿದ್ದರೆ ಅಲಗಿನ ತುದಿ ಸವೆದಿರಬಹುದು, ನೀರು ಅದನ್ನು ಸರಿಮಾಡಲಾರದು.

ಹೆಲಿಕಾಪ್ಟರ್‌ಗೆ ಈ ಲೆಕ್ಕ ಇನ್ನೂ ಮುಖ್ಯ, ಏಕೆಂದರೆ ನೆಲಕ್ಕಿಳಿಯುವಾಗ ಅದು ತಾನೇ ಎಬ್ಬಿಸಿದ ಧೂಳನ್ನು ತಾನೇ ನುಂಗುತ್ತದೆ. ಫ್ರಾನ್ಸಿನ ಟರ್ಬೊಮೆಕಾ ಜತೆ ಎಚ್‌ಎಎಲ್ ರೂಪಿಸಿದ ಶಕ್ತಿ ಎಂಜಿನ್ನಿನ ನಿಯಂತ್ರಣ ಪೂರ್ತಿ ಡಿಜಿಟಲ್ ಆದದ್ದು ಇಂಥ ದಾಖಲೆಗೆ ಅನುಕೂಲವೇ. ಆದರೂ ಎಲ್ಲವನ್ನೂ ಸಂವೇದಕಕ್ಕೆ ಒಪ್ಪಿಸುವುದು ಸರಿಯಲ್ಲ. ಸಮುದ್ರದ ಮೇಲೆ ಹಾರಿ ಬಂದ ಎಂಜಿನ್ನಿನ ಒಳಗೆ ಉಪ್ಪು, ಬಿಸಿ ಏರುವ ಮೊದಲೇ ಲೋಹವನ್ನು ತಿನ್ನಲು ಶುರುಮಾಡಿರುತ್ತದೆ. ಅಂಥ ಹಾರಾಟ ಮುಗಿದ ದಿನ, ಗೆರೆ ಏನೇ ಹೇಳಲಿ, ಸಿಹಿನೀರಿನಿಂದ ತೊಳೆದೇ ನಿಲ್ಲಿಸಬೇಕು.